ಬಲಗಡೆಯ ಟ್ಯಾಂಕು

ನನ್ನ ಅಣ್ಣ ಲೋವೆಲ್‌ನ ಪಿಕಪ್ಪಿನಲ್ಲಿ ಪೆಟ್ರೋಲ್ ತೋರಿಸುವ ಮುಳ್ಳು ಹತ್ತೊಂಬತ್ತು ವರ್ಷದಿಂದ ಅರ್ಧಕ್ಕೇ ನಿಂತಿತ್ತು. ಟ್ಯಾಂಕು ತುಂಬಿದರೂ ಅರ್ಧ, ಬತ್ತಿದರೂ ಅರ್ಧ. ಅದನ್ನು ಸರಿಮಾಡುವುದು ನನಗೆ ಒಂದು ಮಧ್ಯಾಹ್ನದ ಕೆಲಸ. ಹತ್ತು ಸಲ ಕೇಳಿದ್ದೇನೆ. ಹತ್ತು ಸಲವೂ ಬೇಡವೆಂದ.

"ಕೆಮ್ಮಿದಾಗ ಗೊತ್ತಾಗುತ್ತಲ್ಲೋ ಚಿಕ್ಕೋನೇ. ಮುಳ್ಳು ಸುಳ್ಳು ಹೇಳ್ಬಹುದು. ಕೆಮ್ಮು ಹೇಳಲ್ಲ."

ನನಗೆ ಆಗಲೇ ನಲವತ್ತೊಂಬತ್ತು ವರ್ಷ, ತಲೆ ಅರ್ಧ ಬೋಳಾಗಿತ್ತು. ಆದರೂ ಅವನ ಬಾಯಲ್ಲಿ ನಾನು ಚಿಕ್ಕೋನೇ. ನಮ್ಮಿಬ್ಬರಿಗೆ ಹನ್ನೆರಡು ವರ್ಷ ಅಂತರ. ಅಪ್ಪ ಬೇಗ ಹೋದ. ಕ್ಲಚ್ಚು ಒತ್ತುವುದನ್ನು ನನಗೆ ಕಲಿಸಿದವನೇ ಲೋವೆಲ್.

ಅದು ಎಪ್ಪತ್ತೊಂದರ ಮಾಡೆಲ್ಲು. ನೀಲಿ ಮೈ, ಬಿಳಿ ತಲೆ, ಸಾಲಾಗಿ ನಿಂತ ಆರು ಸಿಲಿಂಡರಿನ ಎಂಜಿನ್ನು. ನಾನು ಈ ಮರಳುಗುಡ್ಡಗಳ ಸೀಮೆಯಲ್ಲಿ ಮೂವತ್ತು ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದೇನೆ. ನೆಬ್ರಾಸ್ಕಾದ ಈ ಭಾಗದಲ್ಲಿ ನನ್ನ ಕೈ ತಾಗದ ಪಿಕಪ್ಪು ಕಡಿಮೆ. ಆ ಆರು ಸಿಲಿಂಡರಿನಂಥ ಎಂಜಿನ್ನನ್ನು ಮತ್ತೆ ಯಾರೂ ಮಾಡಲಿಲ್ಲ. ಎಣ್ಣೆ ಕಪ್ಪಾಗಿ ಡಾಂಬರಾದರೂ ಓಡುತ್ತದೆ, ನೀರು ಬತ್ತಿದರೂ ಮನೆ ಮುಟ್ಟಿಸುತ್ತದೆ. ಆದರೆ ಎಂಜಿನ್ನು ಮಾಡಿದವರಿಗೂ ಉಳಿದ ಗಾಡಿ ಮಾಡಿದವರಿಗೂ ಮಾತುಕತೆಯೇ ಇರಲಿಲ್ಲವೇನೋ. ಬಾಗಿಲನ್ನು ಮೇಲಕ್ಕೆತ್ತಿ ತಳ್ಳದಿದ್ದರೆ ಹಾಕಿಕೊಳ್ಳುವುದಿಲ್ಲ. ಹೀಟರು ಕಾಲನ್ನು ಸುಡುತ್ತದೆ, ಗಾಜಿನ ಮೇಲಿನ ಮಂಜನ್ನು ಮುಟ್ಟುವುದಿಲ್ಲ. ಸ್ಟಾರ್ಟರಿಗೆ ಚಳಿಗಾಲದಲ್ಲಿ ಸುತ್ತಿಗೆಯಿಂದ ಒಂದು ಏಟು ಬೇಕು. ಚೋಕನ್ನು ಸರಿಯಾಗಿ ಎರಡು ಬೆರಳಿನಷ್ಟು ಎಳೆಯಬೇಕು. ಮೂರು ಬೆರಳು ಎಳೆದರೆ ಉಸಿರುಗಟ್ಟುತ್ತದೆ. ಕೀಲಿಯ ತೂತು ಎಷ್ಟು ಸವೆದಿತ್ತೆಂದರೆ ಎಂಜಿನ್ನು ಓಡುತ್ತಿರುವಾಗಲೇ ಕೀಲಿಯನ್ನು ಕಿತ್ತು ಕೈಯಲ್ಲಿ ಹಿಡಿಯಬಹುದಿತ್ತು.

ಹಾಗೆಂದು ಲೋವೆಲ್ ಯಾವತ್ತೂ ಕಿತ್ತವನಲ್ಲ. ನಮ್ಮ ಕಡೆ ಗಾಡಿಯಿಂದ ಕೀಲಿ ತೆಗೆಯುವ ಪದ್ಧತಿಯಿಲ್ಲ. ಪಕ್ಕದ ಫಾರಂನವನಿಗೆ ಹಸುವಿನ ಹೆರಿಗೆ ಕಷ್ಟವಾಗಿ ಓಡಿ ಬಂದರೆ ಗಾಡಿ ಸಿಗಬೇಕು. ಕೇಳಬೇಕಾಗಿಲ್ಲ. ತೆಗೆದುಕೊಂಡು ಹೋದದ್ದನ್ನು ಇದ್ದ ಹಾಗೆಯೇ ತಂದು ನಿಲ್ಲಿಸಿದರೆ ಆಯಿತು. ಅಂಗಳದಲ್ಲಿ ಕೀಲಿ ಕಿತ್ತುಕೊಳ್ಳುವವನು ನೆರೆಯವನನ್ನು ಕಳ್ಳ ಎಂದ ಹಾಗೆ.

ಆ ಗಾಡಿಗೆ ಎರಡು ಟ್ಯಾಂಕು, ಎಡಗಡೆ ಒಂದು, ಬಲಗಡೆ ಒಂದು. ಡ್ರೈವರಿನ ಸೀಟಿನ ಬುಡದಲ್ಲಿ ಒಂದು ಹಿಡಿಕೆ. ಅದನ್ನು ತಿರುಗಿಸಿದರೆ ಗಾಡಿಯ ಹೊಟ್ಟೆಯಡಿ ಇರುವ ವಾಲ್ವು ಒಂದು ಟ್ಯಾಂಕನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತದೆ. ಲೋವೆಲ್ ಎಡದ್ದರಲ್ಲೇ ಓಡಿಸುತ್ತಿದ್ದ. ಅದು ಬತ್ತಿ ಎಂಜಿನ್ನು ಕೆಮ್ಮಿದರೆ ಹಿಡಿಕೆ ತಿರುಗಿಸಿ, ಬಲಗಡೆಯದರಲ್ಲಿ ನೇರ ಮನೆಗೆ ಬಂದು, ಎರಡನ್ನೂ ತುಂಬಿಸಿ, ಹಿಡಿಕೆಯನ್ನು ಮತ್ತೆ ಎಡಕ್ಕೆ ಹಾಕುತ್ತಿದ್ದ. ಬಲಗಡೆಯ ಟ್ಯಾಂಕು ನಮ್ಮದಲ್ಲ, ಚಳಿಗಾಲದ್ದು ಎನ್ನುತ್ತಿದ್ದ. ಗಾಡಿ ಎರವಲು ಕೊಡುವಾಗ ಅವನು ಹೇಳುತ್ತಿದ್ದುದು ಅದೊಂದೇ ಮಾತು.

ಆ ಮಾದರಿಯ ವಾಲ್ವಿಗೆ ಕೆಟ್ಟ ಹೆಸರಿತ್ತು ನಿಜ. ಪೆಟ್ರೋಲಿನಲ್ಲಿ ನೀರಿನಂಶವಿದ್ದರೆ ಚಳಿಯಲ್ಲಿ ಒಳಗೇ ಹೆಪ್ಪುಗಟ್ಟಿ ಕೂತುಬಿಡುತ್ತಿತ್ತು. "ಬದಲಾಯಿಸೋಣ ಕಣೋ," ಎಂದು ಎರಡು ವರ್ಷ ಶರತ್ಕಾಲದಲ್ಲಿ ನಾನೇ ಹೇಳಿದ್ದೆ. ಅವನು ನಕ್ಕು, "ಅದು ನನಗೆ ಕೈ ಕೊಟ್ಟಿಲ್ಲ, ನಾನ್ಯಾಕೆ ಅದಕ್ಕೆ ಕೈ ಕೊಡ್ಲಿ?" ಎಂದಿದ್ದ.

ತೊಂಬತ್ಮೂರರ ಜನವರಿಯಲ್ಲಿ ನನ್ನ ಗಾಡಿಯ ಎಂಜಿನ್ನು ಬಿಚ್ಚಿ ಹಾಕಿಕೊಂಡಿದ್ದೆ. ಎರಡು ವಾರ ಲೋವೆಲ್‌ನ ನೀಲಿ ಗಾಡಿ ನನ್ನ ಹತ್ತಿರವಿತ್ತು. ಐದನೇ ದಿನ ಅದು ಕೆಮ್ಮಿತು. ಹಿಡಿಕೆ ತಿರುಗಿಸಿದೆ. ಆಮೇಲೆ ದಿನಾ ಬಲಗಡೆಯದರಲ್ಲೇ ಓಡಾಡಿದೆ. ಕೊಡುವಾಗ ತುಂಬಿಸಿದರಾಯಿತು ಅಂದುಕೊಂಡೆ.

ವಾಪಸು ಕೊಡುವ ದಿನ ಪೇಟೆಯ ಪಂಪಿನ ಹತ್ತಿರ ನಿಲ್ಲಿಸಿದೆ. ಗಾಳಿ ಚರ್ಮ ಸುಲಿಯುತ್ತಿತ್ತು. ಎಡಗಡೆ ತುಂಬಿಸಿದೆ. ಬಲಗಡೆಯ ಬಾಯಿ ಗಾಡಿಯ ಆಚೆ ಮಗ್ಗುಲಿಗೆ. ಪಂಪಿನ ಕೊಳವೆ ಅಲ್ಲಿಗೆ ಎಟಕುವುದಿಲ್ಲ. ಗಾಡಿಯನ್ನು ತಿರುಗಿಸಿ ನಿಲ್ಲಿಸಬೇಕು. ಹಿಂದೆ ಒಬ್ಬ ಹಾರ್ನ್ ಒತ್ತುತ್ತಿದ್ದ. ಅವನಿಗೆ ಎರಡು ಬೈದು ಹೊರಟೆ. ಹೇಗೂ ಅಣ್ಣನ ಅಂಗಳದಲ್ಲಿ ಪೆಟ್ರೋಲ್ ಪೀಪಾಯಿ ಇದೆ, ಅಲ್ಲೇ ತುಂಬಿಸುತ್ತೇನೆ, ಇಲ್ಲವೇ ಹೇಳುತ್ತೇನೆ. ಒಂದು ಗಾಡಿ ತಿರುಗಿಸುವ ಸೋಮಾರಿತನ, ಅಷ್ಟೆ.

ಬಲಗಡೆಯದರ ತಳದಲ್ಲಿ ಉಳಿದದ್ದರಲ್ಲೇ ಅವನ ಅಂಗಳ ಮುಟ್ಟಿ ಹಿಡಿಕೆಯನ್ನು ಎಡಕ್ಕೆ ಹಾಕಿ ಇಳಿದೆ. ಅವನು ಹತ್ತಿ ಎರಡು ಬೆರಳು ಚೋಕೆಳೆದು ಕೀಲಿ ತಿರುಗಿಸಿದ. ಎಂಜಿನ್ನು ಹೊತ್ತಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ.

"ಏನ್ಮಾಡ್ದೆ ಇದಕ್ಕೆ?"

"ಕಾರ್ಬ್ಯುರೇಟರು ಹೊಂದಿಸ್ದೆ. ಕಪ್ಪು ಹೊಗೆ ಬಿಡ್ತಿತ್ತು. ಈಗ ಹೇಗಿರಬೇಕೋ ಹಾಗಿದೆ. ಚೋಕು ಎಳೀಬೇಡ, ಸುಮ್ನೆ ತಿರುಗ್ಸು."

"ಓಡ್ಸು ಅಂತ ಕೊಟ್ಟೆ. ರಿಪೇರಿ ಮಾಡು ಅಂದ್ನಾ?"

"ಪುಗಸಟ್ಟೆ ಮಾಡಿದ್ದೀನಿ. ಥ್ಯಾಂಕ್ಸ್ ಅನ್ನೋ ಬದ್ಲು..."

"ನಿನಗೆ ಎಲ್ಲಾ ಗಾಡೀನೂ ಪುಸ್ತಕದಲ್ಲಿರೋ ಹಾಗೇ ಇರಬೇಕು. ಇದು ನನ್ ಗಾಡಿ ಕಣೋ. ಇದರ ಕಾಯಿಲೆ ನನಗೆ ಗೊತ್ತು!"

"ಹಾಗಾದ್ರೆ ಕಾಯಿಲೆ ಜೊತೇಲೇ ಸಾಯಿ," ಎಂದೆ.

ಈ ಮಾತನ್ನು ನಾನು ಆಡಿದ್ದು ಹೌದು. ಅವನ ಹೆಂಡತಿ ಮಾರ್ಡೆಲ್ ಮೆಟ್ಟಿಲ ಮೇಲೆ ನಿಂತು ಕಾಫಿ ಆರ್ತಿದೆ, ಇಬ್ರೂ ಒಳಗೆ ಬಂದು ಜಗಳ ಆಡಿ ಎಂದು ಕೂಗಿದಳು. ನಾನು ತಿರುಗಿ ನೋಡಲಿಲ್ಲ. ಆರು ಮೈಲಿ ಗಾಳಿಯಲ್ಲಿ ನಡೆದೇ ನನ್ನ ಶೆಡ್ಡಿಗೆ ಬಂದೆ. ಬಲಗಡೆಯ ಟ್ಯಾಂಕಿನ ಮಾತು ನನ್ನ ಹೊಟ್ಟೆಯಲ್ಲೇ ಉಳಿಯಿತು. ಆಮೇಲೆ ನೆನಪಾಗಲಿಲ್ಲವೇ ಎಂದರೆ, ಆಯಿತು. ಎರಡು ಸಲ ಫೋನಿನ ತನಕ ಕೈ ಹೋಯಿತು. ಮೊದಲು ಅವನೇ ಮಾಡಲಿ ಎಂದು ಬಿಟ್ಟೆ. ಅವನೂ ಹಾಗೆಯೇ ಬಿಟ್ಟಿದ್ದ. ಹೀಗೆ ಐದು ವಾರ.

ಮಾರ್ಚ್ ಒಂಬತ್ತರ ಬೆಳಿಗ್ಗೆ ಹಿಮಗಾಳಿಯಲ್ಲಿ ಮಾರ್ಡೆಲ್‌ಗೆ ಎದೆನೋವು ಬಂತು. ಆಂಬುಲೆನ್ಸಿಗೆ ಪೇಟೆಯಿಂದ ಹೊರಡಲಾಗಲಿಲ್ಲ. ಹಿಮ ಬಳಿಯುವ ಲಾರಿ ದಕ್ಷಿಣದಿಂದ ದಾರಿ ಬಿಡಿಸಿಕೊಂಡು ಬರುತ್ತಿದೆ, ನೀವು ಈ ಕಡೆಯಿಂದ ಬಂದು ಕೂಡಿಕೊಳ್ಳಿ ಎಂದು ಫೋನಿನಲ್ಲಿ ಹೇಳಿದರು. ಅವಳ ಕಾರು ಆ ಹಿಮದಲ್ಲಿ ಅಂಗಳವನ್ನೂ ದಾಟುತ್ತಿರಲಿಲ್ಲ. ಲೋವೆಲ್ ಅವಳನ್ನು ಕಂಬಳಿಯಲ್ಲಿ ಸುತ್ತಿ ನೀಲಿ ಗಾಡಿಯಲ್ಲಿ ಕೂರಿಸಿಕೊಂಡು ಹೊರಟ. ಎಡಗಡೆಯದರಲ್ಲಿ ಎಷ್ಟಿದೆ ಎಂದು ಅವನು ನೋಡಲಿಲ್ಲ. ಯಾಕೆ ನೋಡಬೇಕು? ಬಲಗಡೆ ಇಪ್ಪತ್ತು ಗ್ಯಾಲನ್ ಇದೆಯಲ್ಲ.

ಒಂಬತ್ತು ಮೈಲಿ ಹೋಗುವಷ್ಟರಲ್ಲಿ, ಒಣಸರೋವರದ ಬಯಲಿನಲ್ಲಿ, ಗಾಡಿ ಕೆಮ್ಮಿತು. ಹಿಡಿಕೆ ತಿರುಗಿಸಿದ. ಕೆಮ್ಮಿ ಕೆಮ್ಮಿ ನಿಂತುಹೋಯಿತು.

ವಾಲ್ವು ಹೆಪ್ಪುಗಟ್ಟಿದೆ ಎಂದುಕೊಂಡ. ನಾನೇ ಎರಡು ಸಲ ಹೆದರಿಸಿದ್ದೆನಲ್ಲ. ಸ್ಟಾರ್ಟರಿನ ಸುತ್ತಿಗೆ ಹಿಡಿದು ಗಾಡಿಯಡಿ ತೂರಿ ವಾಲ್ವನ್ನು ಕುಟ್ಟತೊಡಗಿದ. ನಲವತ್ತು ನಿಮಿಷ. ಹಿಮ ಬಳಿಯುವ ಲಾರಿಯವನಿಗೆ ಮೊದಲು ಕಂಡದ್ದು ಹಿಮದಿಂದ ಹೊರಚಾಚಿದ ಎರಡು ಬೂಟು. ಆ ಹೊತ್ತಿಗೆ ಮಾರ್ಡೆಲ್ ಹೋಗಿದ್ದಳು. ಚಳಿಗೆ ಸೆಟೆದು ಸತ್ತಿದ್ದ ಲೋವೆಲ್‌ನ ಎಡಗೈಯ ಎರಡು ಬೆರಳನ್ನು ಆಮೇಲೆ ಆಸ್ಪತ್ರೆಯಲ್ಲಿ ಕತ್ತರಿಸಿದರು.

ಗಾಡಿಯನ್ನು ಎಳೆದು ತಂದು ನನ್ನ ಶೆಡ್ಡಿನಲ್ಲಿ ಬಿಟ್ಟರು. ಒಬ್ಬನೇ ಇದ್ದೆ. ಒಂದು ಉದ್ದನೆಯ ಕಡ್ಡಿ ತೆಗೆದುಕೊಂಡು ಬಲಗಡೆಯ ಟ್ಯಾಂಕಿಗೆ ಇಳಿಬಿಟ್ಟೆ. ತಳಕ್ಕೆ ಟಣ್ಣೆಂದಿತು. ಮೇಲೆ ತೆಗೆದಾಗ ಕಡ್ಡಿ ಒಣಗಿತ್ತು. ವಾಲ್ವು ಬಿಚ್ಚಿದೆ. ಮೇಲೆಲ್ಲ ಸುತ್ತಿಗೆಯ ಕುಳಿ, ಒಳಗೆ ಹನಿ ಮಂಜಿಲ್ಲ, ತುಕ್ಕಿಲ್ಲ. ಬೆರಳಲ್ಲಿ ತಳ್ಳಿದರೆ ಬೆಣ್ಣೆಯ ಹಾಗೆ ಜಾರಿತು.

ಮಣ್ಣು ಮಾಡಿದ ನಾಲ್ಕನೆಯ ದಿನ ಲೋವೆಲ್ ಬಂದ. ಕೈಗೆ ಬಿಳಿ ಪಟ್ಟಿ. ಶೆಡ್ಡಿನ ಒಳಗೆ ಕಾಲಿಡಲಿಲ್ಲ. ಗಾಡಿಯ ಕಡೆ ನೋಡಲೂ ಇಲ್ಲ.

"ವಾಲ್ವು ತಾನೇ?" ಎಂದ.

ಹೇಳುವುದಕ್ಕೆ ಅದೇ ಹೊತ್ತು. ಬಾಯಿ ತೆರೆದೆ.

"ಹೂಂ," ಎಂದೆ. "ವಾಲ್ವೇ. ಗಟ್ಟಿಯಾಗಿ ಕೂತಿತ್ತು."

ಅವನು ತಲೆಯಾಡಿಸಿದ. ತುಂಬ ಹೊತ್ತು ಆಡಿಸುತ್ತಲೇ ಇದ್ದ.

"ನೀನು ಹೇಳಿದ್ದೆ ಕಣೋ ಚಿಕ್ಕೋನೇ. ಎರಡು ಸಲ ಹೇಳಿದ್ದೆ. ನಾನೇ ಕೇಳ್ಲಿಲ್ಲ."

ನಾನು ಹೆದರಿ ಸುಳ್ಳು ಹೇಳಿದ್ದೆ. ಅದು ನನ್ನನ್ನು ಉಳಿಸುತ್ತದೆ ಎಂದಷ್ಟೇ ಯೋಚಿಸಿದ್ದೆ. ಅದು ಎದ್ದು ಹೋಗಿ ಅವನ ತಲೆಯ ಮೇಲೆ ಕೂರುತ್ತದೆ ಎಂದು ಹೊಳೆದಿರಲಿಲ್ಲ. ಹೊಳೆದಾಗಲೂ ಬಾಯಿ ಬಿಡಲಿಲ್ಲ. ಅವನು ಹೋದ ಮೇಲೆ ಹೊಸ ವಾಲ್ವು ತರಿಸಿ ಹಾಕಿದೆ. ಇಪ್ಪತ್ತೆರಡು ವರ್ಷದ ಕೊಳಕಿನ ನಡುವೆ ಅದೊಂದು ಮಿರಮಿರ ಮಿಂಚುತ್ತಿತ್ತು. ಹಳೆಯದನ್ನು ಚಿಂದಿಯಲ್ಲಿ ಸುತ್ತಿ ಮೇಜಿನ ಅಡಿಯ ಡಬ್ಬದಲ್ಲಿ ಹಾಕಿದೆ. ಎಸೆಯಲಾಗಲಿಲ್ಲ.

ಆ ವಸಂತದಲ್ಲಿ ಲೋವೆಲ್ ಬಟ್ಟೆಯೊಳಗೇ ಸಣ್ಣಗಾದ. ಕರುಗಳಿಗೆ ಗುರುತಿನ ಬರೆ ಹಾಕುವ ದಿನ ಎಲ್ಲ ಫಾರಂಗಳವರೂ ಸೇರುತ್ತಾರೆ, ಗಲಾಟೆ, ಹಾಸ್ಯ, ಬಿಯರು. ಅವನು ಬೇಲಿಯ ಹತ್ತಿರ ನಿಂತಿದ್ದ. ಯಾರೋ ಹೊಸ ಗಾಡಿ ಕೊಂಡೆನೆಂದು ಹೇಳಿದರೆ, "ಚಿಕ್ಕೋನ ಹತ್ರ ತೋರ್ಸು. ಅವನು ಏನು ಹೇಳಿದ್ರೂ ಕೇಳು," ಎಂದ. ಹಾಗೆ ಅವನು ಹೇಳಿದಾಗಲೆಲ್ಲ ನನಗೆ ರೇಗುತ್ತಿತ್ತು. ಒಂದು ಸಲ, "ಸಾಕು ನಿಲ್ಸೋ ಆ ಮಾತು!" ಎಂದು ಎಲ್ಲರೆದುರು ಕಿರುಚಿದೆ. ಪಾಪ, ತಮ್ಮನಿಗೆ ದುಃಖ ಎಂದು ಜನ ಅಂದುಕೊಂಡರು.

ನೀಲಿ ಗಾಡಿ ನನ್ನ ಶೆಡ್ಡಿನ ಹಿಂದೆಯೇ ನಿಂತಿತ್ತು. ಬೇಡ, ಅದರ ಮುಖ ನೋಡಲಾರೆ, ಗುಜರಿಗೆ ಹಾಕು ಎಂದಿದ್ದ. ನಾನು ಹಾಕಿರಲಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ ಪೇಟೆಯಲ್ಲಿ ವಿಲ್ಮಾಳ ಕೆಫೆಯಲ್ಲಿ ಕೂತಿದ್ದೆವು. ಹೊರಗೆ ಹೆಂಚಿನಂಥ ಬಿಸಿಲು. ಎಂಟು ಜನ. ಮಾತು ಎಂದಿನಂತೆ ಗಾಡಿಗಳದ್ದೇ. ಮಿಲೋ ಜ್ಯಾಬೆಲ್ ಎಂಬವನು ತನ್ನ ಪಿಕಪ್ಪಿನ ಪೆಟ್ರೋಲ್ ಕೊಳವೆಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸಿಕೊಂಡು ಓಡಾಡುತ್ತಾನೆ. ಬೇಸಿಗೆಯಲ್ಲಿ ಪೆಟ್ರೋಲು ಕೊಳವೆಯೊಳಗೇ ಕಾದು ಆವಿಯಾಗಿ ಎಂಜಿನ್ನು ನಿಲ್ಲುವುದನ್ನು ಅದು ತಡೆಯುತ್ತದಂತೆ.

"ಹದಿನಾಲ್ಕು ಕ್ಲಿಪ್ಪು," ಎಂದೆ. "ನಿನ್ ಗಾಡೀಲಿ ಅಂಡರ್‌ವೇರ್ ಒಣಗ್ಸಬಹುದು ಕಣೋ."

"ನಗು ನಗು. ಇವತ್ತು ನಿಂತುಹೋಗದೆ ಬಂದೋನು ನಾನು. ನೀನು ಮೆಕ್ಯಾನಿಕ್ಕು, ನಿನ್ ಗಾಡಿ ಹೋದ್ವಾರ ಸೇತುವೆ ಮೇಲೆ ನಿಂತಿತ್ತಲ್ಲ?"

"ನಂದು ಇನ್ನೂ ಚೆಂದ," ಎಂದ ಇನ್ನೊಬ್ಬ. "ಒಂದನೇ ಗೇರಿಂದ ಎರಡಕ್ಕೆ ಹಾಕಿದ್ರೆ ಸಿಕ್ಕೊಳ್ಳುತ್ತೆ. ಇಳಿದು ಬಾನೆಟ್ ಎತ್ತಿ ಸಲಾಕೆ ಅಲ್ಲಾಡಿಸ್ಬೇಕು. ಸಿಗ್ನಲ್ ಲೈಟಿನ ಕೆಳಗೆ ನನ್ನಾಕೆ ಸ್ಟೀರಿಂಗ್ ಹಿಡಿದು ಬೈತಾಳೆ, ನಾನು ಬಾನೆಟ್ಟಿನೊಳಗೆ."

"ಅವಳು ಬೈಯೋದಕ್ಕೂ ಗೇರಿಗೂ ಸಂಬಂಧ ಇಲ್ಲ ಬಿಡು," ಎಂದಳು ವಿಲ್ಮಾ, ಕಾಫಿ ಸುರಿಯುತ್ತ.

ಎಲ್ಲರೂ ನಕ್ಕೆವು. ನಗು ಇಳಿಯುವಾಗ ಮಿಲೋ ತಟ್ಟೆಯಲ್ಲಿ ಉಳಿದ ಸೇಬಿನ ಪೈಯನ್ನು ಚಮಚದಲ್ಲಿ ಗೋರಿಕೊಳ್ಳುತ್ತ, "ಆದ್ರೂ ಲೋವೆಲ್ ಹಾಗೆ ಮಾಡ್ಬಾರ್ದಿತ್ತಪ್ಪ," ಎಂದ. "ಒಳ್ಳೇವ್ನೇ. ಆದ್ರೆ ಜಿಪುಣ. ಹದಿನೆಂಟು ಡಾಲರಿನ ವಾಲ್ವು ಉಳಿಸೋಕೆ ಹೋಗಿ ಹೆಂಡ್ತೀನ ಕಳ್ಕೊಂಡ."

ನಾನು ಹೇಗೆ ಎದ್ದೆನೋ ಗೊತ್ತಿಲ್ಲ. ಮೇಜು ಆಚೆ ಬಿತ್ತು. ಮಿಲೋನ ಕಾಲರು ನನ್ನ ಎರಡೂ ಕೈಯಲ್ಲಿತ್ತು.

"ವಾಲ್ವು ಸರಿಯಾಗಿತ್ತು ಕಣೋ! ವಾಲ್ವಿಗೆ ಏನೂ ಆಗಿರ್ಲಿಲ್ಲ! ಟ್ಯಾಂಕು ಖಾಲಿಯಾಗಿತ್ತು. ಖಾಲಿ ಮಾಡಿದ್ದು ನಾನು! ತುಂಬಿಸ್ದೆ ಕೊಟ್ಟೆ!"

ಮಿಲೋನ ಗಲ್ಲದ ಮೇಲೆ ಪೈಯ ಚೂರು ಅಂಟಿತ್ತು. ಕಾಲರು ಬಿಟ್ಟೆ. ವಿಲ್ಮಾ ಕಾಫಿ ಪಾತ್ರೆಯನ್ನು ನಿಧಾನಕ್ಕೆ ಕೆಳಗಿಟ್ಟಳು.

"ಲೋವೆಲ್‌ಗೆ ಗೊತ್ತಾ?" ಎಂದು ಕೇಳಿದಳು.

ಹೊರಗೆ ಬಂದೆ. ಒಳಗೆ ವಿಲ್ಮಾ ಸೇರಿ ಎಂಟು ಜನ, ಎಂಟು ಮನೆ, ಎಂಟು ಫೋನು. ಲೋವೆಲ್‌ನ ಫಾರಂಗೆ ಹತ್ತೊಂಬತ್ತು ಮೈಲಿ. ಅವನು ಇದನ್ನು ಇನ್ಯಾರ ಬಾಯಿಂದಲೋ ಕೇಳಬಾರದು. ಅಷ್ಟೊಂದು ಮರ್ಯಾದೆಯಾದರೂ ನನ್ನಲ್ಲಿ ಉಳಿದಿರಲಿ ಎಂದು ಗಾಡಿಯನ್ನು ಹಿಂಡಿ ಓಡಿಸಿದೆ.

ಹತ್ತನೇ ಮೈಲಿಯ ಏರಿನಲ್ಲಿ ನನ್ನ ಗಾಡಿ ಉಗ್ಗಿತು, ನಿಂತಿತು. ಕೊಳವೆಯಲ್ಲಿ ಪೆಟ್ರೋಲು ಆವಿಯಾಗಿತ್ತು. ಬಾನೆಟ್ ಎತ್ತಿದೆ. ಕುಡಿಯುವ ನೀರಿನಲ್ಲಿ ಬಟ್ಟೆ ಅದ್ದಿ ಕೊಳವೆಗೆ ಸುತ್ತಿದೆ. ಮಿಲೋನ ಕ್ಲಿಪ್ಪುಗಳು ನೆನಪಾದವು. ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. ಒದ್ದೆ, ಬೈದೆ, ಕೂಗಿದೆ. ಏರಿನಿಂದ ನೋಡಿದರೆ ಕೆಳಗೆ ಒಣಸರೋವರದ ಬಯಲು, ಬೆಳ್ಳಗೆ ಉಪ್ಪು. ಅಲ್ಲಿ ದಾರಿಯ ಪಕ್ಕದ ಬೇಲಿಗೂಟಕ್ಕೆ ಮಾರ್ಡೆಲ್‌ಳ ನೆನಪಿಗೆ ಯಾರೋ ಕಟ್ಟಿದ ಪ್ಲಾಸ್ಟಿಕ್ ಹೂವು ಬಿಸಿಲಿಗೆ ಬಣ್ಣ ಕಳೆದುಕೊಂಡಿತ್ತು. ಹದಿಮೂರು ನಿಮಿಷ ನಿಂತಿದ್ದೆ. ಗಡಿಯಾರ ನೋಡುತ್ತಲೇ ಇದ್ದೆ. ನನಗೆ ಹದಿಮೂರು ನಿಮಿಷವೇ ಮುಗಿಯಲಿಲ್ಲ.

ಲೋವೆಲ್‌ನ ಮಗಳು ಟ್ರೂಡಿ ಅಮ್ಮ ಹೋದ ಮೇಲೆ ಅಪ್ಪನ ಜೊತೆಗೆ ಬಂದು ಇದ್ದಳು. ನಾನು ಅಂಗಳಕ್ಕೆ ಹೋದಾಗ ಮೆಟ್ಟಿಲ ಮೇಲೆ ನಿಂತಿದ್ದಳು. ತನ್ನ ಅಮ್ಮ ನಿಲ್ಲುತ್ತಿದ್ದ ಜಾಗದಲ್ಲೇ. ಅವಳ ಮುಖ ನೋಡಿದ ಕೂಡಲೇ ಫೋನು ಬಂದಾಗಿದೆ ಎಂದು ಗೊತ್ತಾಯಿತು.

"ಅಪ್ಪ ಹುಲ್ಲು ಒಟ್ಟು ಮಾಡ್ತಿದಾರೆ, ಕೆಳಗಿನ ಬಯಲಲ್ಲಿ," ಎಂದಳು. "ಅವರಿಗಿನ್ನೂ ಗೊತ್ತಿಲ್ಲ."

"ಟ್ರೂಡಿ..."

"ನನಗೆ ಹೇಳ್ಬೇಡಿ, ಚಿಕ್ಕಪ್ಪ. ನನ್ನ ಹತ್ರ ಏನೂ ಹೇಳ್ಬೇಡಿ. ಹೋಗಿ ಅವರಿಗೆ ಹೇಳಿ."

ಲೋವೆಲ್ ನನ್ನನ್ನು ದೂರದಿಂದಲೇ ಕಂಡು ಟ್ರ್ಯಾಕ್ಟರ್ ನಿಲ್ಲಿಸಿದ. ಹ್ಯಾಟು ತೆಗೆದು ಹಣೆ ಒರೆಸಿಕೊಂಡ. "ಏನೋ ಚಿಕ್ಕೋನೇ, ಈ ಬಿಸಿಲಲ್ಲಿ?" ಎಂದ. ದನಿಯಲ್ಲಿ ಸಂತೋಷವಿತ್ತು. ನಾನು ಆ ಕಡೆಗೆ ಹೋಗುವುದೇ ಕಡಿಮೆಯಾಗಿತ್ತಲ್ಲ.

ನಾನು ನಿಂತ ಕಡೆಯಿಂದಲೇ ಹೇಳಿದೆ. ಜನವರಿ, ಪಂಪು, ತಿರುಗಿಸದ ಗಾಡಿ, ಜಗಳ, ಒಣಗಿದ ಕಡ್ಡಿ. ಎಲ್ಲ ಹೇಳಲು ಎರಡು ನಿಮಿಷ ಸಾಕಾಯಿತು. ಅವನು ಟ್ರ್ಯಾಕ್ಟರಿನ ಎಂಜಿನ್ನು ಆರಿಸಿ ಕೆಳಗಿಳಿದ.

"ವಾಲ್ವು ಸರಿಯಾಗಿತ್ತು?"

"ಸರಿಯಾಗಿತ್ತು."

"ನೋಡಿದ್ಯಾ?"

"ಬಿಚ್ಚಿ ನೋಡ್ದೆ. ಬೆರಳಲ್ಲಿ ತಳ್ಳಿದ್ರೆ ಜಾರ್ತಿತ್ತು."

ಅವನು ಟ್ರ್ಯಾಕ್ಟರಿನ ದೊಡ್ಡ ಚಕ್ರಕ್ಕೆ ಒರಗಿದ. ಮೂರು ಬೆರಳಿನ ಎಡಗೈಯನ್ನು ಮುಂದೆ ಹಿಡಿದು ನೋಡಿಕೊಂಡ, ಇನ್ಯಾರದೋ ಕೈ ಎಂಬಂತೆ.

"ಕುಟ್ತಾ ಇದ್ದೆ," ಎಂದ. "ಅವಳು ಮೇಲಿಂದ ಹಿಮ್ಮಡೀಲಿ ತಟ್ಟಿದ್ಲು. ತಲೆ ಮೇಲೇ ಕೇಳಿಸ್ತು. ಒಂದ್ನಿಮಿಷ ಇರು ಮಾರ್ಡೆಲ್, ಬಿಟ್ಕೊಳ್ತಾ ಇದೆ ಅಂತ ಕೂಗ್ದೆ. ಇನ್ನೊಂದ್ಸಲ ತಟ್ಟಿದ್ಲು. ಒಂದ್ನಿಮಿಷ ಅಂದ್ನಲ್ಲ ಅಂತ ಗದರ್ದೆ. ಆಮೇಲೆ ತಟ್ಲಿಲ್ಲ."

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಟ್ರೂಡಿಗೂ ಹೇಳಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

"ಖಾಲಿ ಅಂತ ಗೊತ್ತಿದ್ದಿದ್ರೆ," ಎಂದ, "ಹೋಗಿ ಅವಳ ಪಕ್ಕ ಕೂತ್ಕೋತಿದ್ದೆ."

ಅಷ್ಟೇ. ಬಿಸಿಲಿಗೆ ಕೊಯ್ದ ಹುಲ್ಲಿನ ವಾಸನೆ ಏಳುತ್ತಿತ್ತು.

"ಹೊಡಿ," ಎಂದೆ. "ಲೋವೆಲ್, ಹೊಡಿಯೋ ನನಗೆ. ಏನಾದ್ರೂ ಮಾಡು."

ನನ್ನಂಥವನಾಗಿದ್ದರೆ ಹೊಡೆಯುತ್ತಿದ್ದ. ನಮ್ಮ ಮನೆಯ ಸಿಟ್ಟೆಲ್ಲ ನನ್ನ ಪಾಲಿಗೆ ಬಂದಿತ್ತು. ಅವನಿಗೆ ಉಳಿದಿರಲೇ ಇಲ್ಲ. ಅವನು ಹುಲ್ಲಿನ ಸಾಲುಗಳ ಕಡೆ ನೋಡುತ್ತ ನಿಂತ.

"ಗಾಡಿ ಎಲ್ಲಿದೆ?"

"ಶೆಡ್ಡಿನ ಹಿಂದೆ. ಗುಜರಿಗೆ ಹಾಕಿಲ್ಲ."

"ಹಳೇ ವಾಲ್ವು?"

"ಇದೆ."

"ಅದನ್ನೇ ವಾಪಸು ಹಾಕು. ಹಾಕಿ ತಂದು ನಿಲ್ಲಿಸು. ಅದರದ್ದೇನೂ ತಪ್ಪಿಲ್ಲ." ಹ್ಯಾಟು ಹಾಕಿಕೊಂಡ. "ನಾಲ್ಕು ತಿಂಗಳು ಅದನ್ನ ಬೈಕೊಂಡೆ. ನಾಲ್ಕು ತಿಂಗಳು ನನ್ನನ್ನ ಬೈಕೊಂಡೆ. ನೀನು ಎದುರಿಗೇ ಕೂತಿದ್ದೆ."

ಟ್ರ್ಯಾಕ್ಟರ್ ಹತ್ತಿ ಸ್ಟಾರ್ಟ್ ಮಾಡಿದ. ನಾನು ದಾರಿಯಿಂದ ಪಕ್ಕಕ್ಕೆ ಸರಿದೆ.

ಮರುದಿನ ಸುತ್ತಿಗೆಯ ಕುಳಿ ಬಿದ್ದ ವಾಲ್ವನ್ನು ಚಿಂದಿಯಿಂದ ಬಿಚ್ಚಿ ಅದರ ಜಾಗಕ್ಕೆ ಕೂರಿಸಿದೆ. ಕಾರ್ಬ್ಯುರೇಟರನ್ನು ಮೊದಲಿದ್ದಂತೆ, ಕಪ್ಪು ಹೊಗೆ ಬರುವಂತೆ ಕೆಡಿಸಿದೆ. ಎರಡು ಬೆರಳು ಚೋಕಿಗೆ ಎಂಜಿನ್ನು ಹೊತ್ತುವ ತನಕ ಬಿಡಲಿಲ್ಲ. ಮುಳ್ಳು ಅರ್ಧದಲ್ಲೇ ಇತ್ತು, ಮುಟ್ಟಲಿಲ್ಲ. ಪೇಟೆಗೆ ಹೋಗಿ ಎಡಗಡೆ ತುಂಬಿಸಿದೆ. ಗಾಡಿ ತಿರುಗಿಸಿ ಬಲಗಡೆ ತುಂಬಿಸಿದೆ, ಬಾಯಿಗೆ ಬಂದು ಚೆಲ್ಲುವ ತನಕ. ಪಂಪಿನ ಹತ್ತಿರ ಇದ್ದವರು ಯಾರೂ ಮಾತಾಡಿಸಲಿಲ್ಲ.

ಲೋವೆಲ್ ಅಂಗಳದಲ್ಲಿ ಕಾಯುತ್ತಿದ್ದ. ಅವನ ಕೈಯಲ್ಲಿ ಒಂದು ಕಡ್ಡಿಯಿತ್ತು. ನಾನು ಇಳಿದ ಕೂಡಲೇ ಗಾಡಿಯನ್ನು ಸುತ್ತಿ ಬಲಗಡೆಗೆ ಹೋಗಿ, ಮುಚ್ಚಳ ತೆರೆದು, ಕಡ್ಡಿ ಇಳಿಬಿಟ್ಟು, ತೆಗೆದು, ಒದ್ದೆ ಎಲ್ಲಿಯವರೆಗಿದೆ ಎಂದು ನೋಡಿದ. ಅದನ್ನು ನನ್ನ ಕಣ್ಣೆದುರೇ ಮಾಡಿದ. ನಾನು ನೋಡಲಿ ಎಂದಲ್ಲ, ನೋಡಬಾರದು ಎಂದೂ ಅಲ್ಲ. ಅವನಿಗೆ ತಿಳಿಯಬೇಕಿತ್ತು, ಅಷ್ಟೆ.

ಆಮೇಲೆ ಹತ್ತಿ ಕೂತು ಎರಡು ಬೆರಳು ಚೋಕೆಳೆದ. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಕೆಮ್ಮಲಿಲ್ಲ. ಕಪ್ಪು ಹೊಗೆ ಬಂತು. ಅವನು ಸ್ಟೀರಿಂಗಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡ.

"ಚೆನ್ನಾಗಿದೆ, ರಾಯ್ಸ್," ಎಂದ.

ನನ್ನ ಹೆಸರು ಅವನ ಬಾಯಲ್ಲಿ ಹಾಗೆ ಬಂದದ್ದು ಕೇಳಿ ಪಕ್ಕದಲ್ಲಿ ಇನ್ಯಾರೋ ಇದ್ದಾರೇನೋ ಎನಿಸಿತು.

ಅವನು ಎಂಜಿನ್ನು ಓಡುತ್ತಿದ್ದ ಹಾಗೆಯೇ ಸವೆದ ತೂತಿನಿಂದ ಕೀಲಿಯನ್ನು ಕಿತ್ತ. ಶರ್ಟಿನ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಗಾಡಿಯನ್ನು ಕೊಟ್ಟಿಗೆಯ ಕಡೆಗೆ ಓಡಿಸಿಕೊಂಡು ಹೋದ. ನಾನು ಆರು ಮೈಲಿ ನಡೆದು ಮನೆಗೆ ಬಂದೆ.

ಇದಾಗಿ ನಾಲ್ಕು ವರ್ಷ. ನಮ್ಮಿಬ್ಬರಲ್ಲಿ ಮಾತಿಲ್ಲ ಎಂದಲ್ಲ. ಅವನ ಟ್ರ್ಯಾಕ್ಟರಿಗೆ ಬೆಲ್ಟು ಬೇಕಾದರೆ ನನ್ನ ಹತ್ತಿರವೇ ಬರುತ್ತಾನೆ. ಕ್ರಿಸ್‌ಮಸ್ಸಿಗೆ ಟ್ರೂಡಿ ಊಟಕ್ಕೆ ಕರೆಯುತ್ತಾಳೆ, ಹೋಗುತ್ತೇನೆ, ಮೂವರೂ ಹವೆಯ ವಿಷಯ ಮಾತಾಡುತ್ತೇವೆ. ಹೊರಡುವಾಗ ಅವನ ಅಂಗಳ ದಾಟಿ ಬರಬೇಕು. ಟ್ರ್ಯಾಕ್ಟರ್ ನಿಂತಿರುತ್ತದೆ, ಅದರಲ್ಲಿ ಕೀಲಿ. ಟ್ರೂಡಿಯ ಕಾರು ನಿಂತಿರುತ್ತದೆ, ಅದರಲ್ಲೂ ಕೀಲಿ. ಅದರಾಚೆಗೆ ನೀಲಿ ಗಾಡಿ. ನೋಡಬಾರದು ಎಂದುಕೊಂಡೇ ಹೋಗುತ್ತೇನೆ. ಆದರೂ ಪ್ರತಿ ಸಲ ಕಿಟಕಿಯ ಗಾಜಿನ ಮಂಜು ಒರೆಸಿ ಒಳಗೆ ಇಣುಕುತ್ತೇನೆ. ಪ್ರತಿ ಸಲವೂ ಕೀಲಿಯ ತೂತು ಖಾಲಿಯೇ ಇರುತ್ತದೆ.